ಜರ್ಮನಿಯ ರೆಸಿಡೆನ್ಸ್ ಕಾರ್ಡ್, ಭಾರತದ ಪಾಸ್‌ಪೋರ್ಟ್: ವೀಸಾ ಇಲ್ಲದೆ ಬಾಲ್ಕನ್ ದೇಶಗಳನ್ನು ಸುತ್ತಬಹುದಾ?

ಅಲೆಮಾರಿ_26 ಕೇಳಿದ್ದು:

ಭಾರತದ ಪಾಸ್‌ಪೋರ್ಟ್, ಜರ್ಮನಿ ಕೊಟ್ಟ ಇಯು ಬ್ಲೂ ಕಾರ್ಡ್ (ಕೆಲಸಕ್ಕೆ ಬಂದವರಿಗೆ ಕೊಡೋ ರೆಸಿಡೆನ್ಸ್ ಪರ್ಮಿಟ್). ಹೊರಡುವ ದಿನಕ್ಕೆ ಕಾರ್ಡಿನಲ್ಲಿ 5 ತಿಂಗಳು ಉಳಿದಿರುತ್ತೆ, ಪಾಸ್‌ಪೋರ್ಟಿನಲ್ಲಿ 4 ವರ್ಷ. ಹೆಂಡತಿಯ ಕಾರ್ಡ್ ಅವಧಿ ಮುಗಿದಿದೆ, ರಿನ್ಯೂವಲ್‌ಗೆ ಅರ್ಜಿ ಹಾಕಿದ್ದಾಗಿದೆ. ಸದ್ಯ ಅವಳ ಕೈಯಲ್ಲಿರೋದು ವಿದೇಶಿಯರ ಕಚೇರಿ ಕೊಟ್ಟ ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್ ಅನ್ನೋ ಮಡಚುವ ಕಾಗದ ಮಾತ್ರ.

ಪ್ಲಾನ್ ಒಟ್ಟು 16 ದಿನ. ಫ್ರಾಂಕ್‌ಫರ್ಟ್‌ನಿಂದ ಸರ್ಬಿಯಾದ ಬೆಲ್‌ಗ್ರೇಡ್‌ಗೆ ವಿಮಾನ. ಅಲ್ಲಿಂದ ಬಸ್ಸಿನಲ್ಲಿ ಪೊಡ್ಗೊರಿತ್ಸಾ (ಮಾಂಟೆನೆಗ್ರೋ), ಟಿರಾನಾ (ಅಲ್ಬೇನಿಯಾ), ಪ್ರಿಷ್ಟಿನಾ (ಕೊಸೊವೊ). ಪ್ರಿಷ್ಟಿನಾದಿಂದ ನೇರ ಬಸ್ಸು ಹಿಡಿದು ಮತ್ತೆ ಬೆಲ್‌ಗ್ರೇಡ್, ವಾಪಸ್ ವಿಮಾನ. ಅದಾದ ಎರಡು ತಿಂಗಳಿಗೆ ಒಂದು ವಾರ ಜಾರ್ಜಿಯಾ.

ಇವ್ಯಾವುದಕ್ಕೂ ವೀಸಾ ಬೇಡ ಅಂತಾರೆ, ನಿಜಾನಾ? ಹೆಂಡತಿಯ ಕಾಗದ ನಡೆಯುತ್ತಾ? ಈ ದಿನಗಳು ಶೆಂಗೆನ್‌ನ (ಒಳಗಡಿಗಳಲ್ಲಿ ತಪಾಸಣೆ ಇಲ್ಲದ ಯುರೋಪ್ ದೇಶಗಳ ಗುಂಪು) 180 ದಿನಕ್ಕೆ 90 ದಿನ ಅನ್ನೋ ಲೆಕ್ಕಕ್ಕೆ ಸೇರ್ತಾವಾ?

---

ಗಡಿರೇಖೆ ಉತ್ತರ:

ನಿಮ್ಮ ಒಬ್ಬರ ಮಟ್ಟಿಗೆ ನೋಡಿದರೆ ನಾಲ್ಕೂ ದೇಶಕ್ಕೆ ವೀಸಾ ಬೇಡ, ಜಾರ್ಜಿಯಾಕ್ಕೂ ಬೇಡ. ಆದರೆ ರೂಟಿನಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ, ಅದನ್ನು ಕೆಳಗೆ ಬರೆದಿದ್ದೇನೆ.

ಇವು ಯಾವುವೂ ಶೆಂಗೆನ್‌ನಲ್ಲಿಲ್ಲ. ಜರ್ಮನಿಯ ಕಾರ್ಡನ್ನು ಇವರು ಒಪ್ಪುವುದು ಯಾವ ಒಪ್ಪಂದದಿಂದಲೂ ಅಲ್ಲ, ತಮ್ಮ ತಮ್ಮ ಕಾನೂನಿನಲ್ಲಿ ತಾವೇ ಬರೆದುಕೊಂಡಿದ್ದರಿಂದ. ಹಾಗಾಗಿ ಒಂದೊಂದು ದೇಶದ ದಿನಗಳೂ ಷರತ್ತುಗಳೂ ಒಂದೊಂದು ಥರ. ಸರ್ಬಿಯಾದಲ್ಲಿ ಭಾರತದ ಪಾಸ್‌ಪೋರ್ಟಿಗೆ ಇದ್ದ ನೇರ ವಿನಾಯಿತಿ 2023ರ ಜನವರಿ 1ರಿಂದ ಹೋಯಿತು. ಹಳೆಯ ಬ್ಲಾಗುಗಳಲ್ಲಿ ಇನ್ನೂ 'ಇಂಡಿಯನ್ನರಿಗೆ ವೀಸಾ ಫ್ರೀ' ಎಂದೇ ಇರುತ್ತದೆ, ನಂಬಬೇಡಿ. ಈಗ ಒಳಗೆ ಬಿಡುವುದು ಶೆಂಗೆನ್, ಇಯು, ಯುಕೆ ಅಥವಾ ಅಮೆರಿಕದ ಚಾಲ್ತಿ ವೀಸಾ ಇಲ್ಲವೇ ರೆಸಿಡೆನ್ಸ್ ಪರ್ಮಿಟ್ ಇದ್ದವರನ್ನು. 180 ದಿನಗಳಲ್ಲಿ 90 ದಿನ ಇರಬಹುದು, ಆದರೆ ಕಾರ್ಡಿನ ಅವಧಿ ದಾಟುವಂತಿಲ್ಲ. ಮಾಂಟೆನೆಗ್ರೋ ಕೊಡುವುದು 30 ದಿನ. ಅಲ್ಬೇನಿಯಾ 90. ಕೊಸೊವೊ 15 ದಿನ ಮಾತ್ರ. ಉತ್ತರ ಮ್ಯಾಸಿಡೋನಿಯಾ ನಿಮ್ಮ ಪಟ್ಟಿಯಲ್ಲಿಲ್ಲ, ಆದರೆ ಬೇಕಾಗುತ್ತದೆ. ಅಲ್ಲಿ ಒಂದು ಸಲಕ್ಕೆ 15 ದಿನ.

ಸಿಕ್ಕಿಹಾಕಿಕೊಳ್ಳುವುದು ಪ್ರಿಷ್ಟಿನಾದಿಂದ ಬೆಲ್‌ಗ್ರೇಡ್‌ಗೆ ಹೋಗುವ ನೇರ ಬಸ್ಸಿನಲ್ಲಿ. ಕೊಸೊವೊವನ್ನು ಸರ್ಬಿಯಾ ಬೇರೆ ದೇಶವೆಂದು ಒಪ್ಪಿಲ್ಲ, ತನ್ನದೇ ನೆಲ ಎನ್ನುತ್ತದೆ. ನೀವು ಸರ್ಬಿಯಾದಿಂದ ಮಾಂಟೆನೆಗ್ರೋಗೆ ಹೋಗುವಾಗ ಪಾಸ್‌ಪೋರ್ಟಿಗೆ ಸರ್ಬಿಯಾದ ಎಕ್ಸಿಟ್ ಮೊಹರು ಬಿದ್ದಿರುತ್ತದೆ. ಆಮೇಲೆ ಅಲ್ಬೇನಿಯಾ ಕಡೆಯಿಂದ ಕೊಸೊವೊಗೆ ಹೊಕ್ಕರೆ, ಸರ್ಬಿಯಾದವರ ಕಣ್ಣಿಗೆ ಅವರ ಎಂಟ್ರಿ ಮೊಹರೇ ಇಲ್ಲದೆ ಅವರ ದೇಶದೊಳಗೆ ಬಂದು ನಿಂತಿದ್ದೀರಿ. ಆ ಗೆರೆಯ ಹತ್ತಿರ ಅವರು ಮೊಹರು ಹಾಕಿಕೊಡುವುದಿಲ್ಲ, ಅವರ ಲೆಕ್ಕದಲ್ಲಿ ಅದು ಗಡಿಯೇ ಅಲ್ಲವಲ್ಲ. ವಾಪಸ್ ಕಳಿಸುತ್ತಾರೆ. ಬಸ್ಸು ನಿಮಗಾಗಿ ಕಾಯುವುದಿಲ್ಲ.

ಪರಿಹಾರ ಸುಲಭ. ಪ್ರಿಷ್ಟಿನಾದಿಂದ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಗೆ ಹೋಗಿ, ಅಲ್ಲಿಂದ ಬೆಲ್‌ಗ್ರೇಡ್ ಬಸ್ಸು ಹಿಡಿಯಿರಿ. ಆಗ ಸರ್ಬಿಯಾದ ಎಂಟ್ರಿ ಮೊಹರು ಸರಿಯಾದ ಗಡಿಯಲ್ಲೇ ಬೀಳುತ್ತದೆ. ಪಾಸ್‌ಪೋರ್ಟಿನಲ್ಲಿ ಕೊಸೊವೊ ಮೊಹರು ಇದ್ದರೆ ಅದರ ಮೇಲೆ 'ರದ್ದು' ಎಂದು ಇನ್ನೊಂದು ಮೊಹರು ಒತ್ತಬಹುದು, ಗಾಬರಿಯಾಗುವಂಥದ್ದಲ್ಲ. ಇಡೀ ರೂಟನ್ನು ತಿರುಗಿಸಿ ಸರ್ಬಿಯಾದಿಂದ ನೇರ ಕೊಸೊವೊಗೆ ಹೋಗಿ, ಅಲ್ಬೇನಿಯಾ ಕಡೆ ಹೊರಬೀಳೋಣ ಎಂದುಕೊಂಡರೆ ಅದರಲ್ಲಿ ಇನ್ನೊಂದು ತೊಡಕಿದೆ. ಒಳಬಂದ ಮೊಹರು ಇರುತ್ತದೆ, ಹೊರಹೋದ ಮೊಹರು ಇರುವುದಿಲ್ಲ. ಮುಂದಿನ ಸಲ ಬೆಲ್‌ಗ್ರೇಡಿನಲ್ಲಿ ಇಳಿದಾಗ 'ಇಷ್ಟು ದಿನ ಎಲ್ಲಿದ್ದಿರಿ' ಎಂಬ ಪ್ರಶ್ನೆ ಬರುತ್ತದೆ.

ಸರ್ಬಿಯಾದಲ್ಲಿ ಇಳಿದ 24 ಗಂಟೆಯೊಳಗೆ ತಂಗುವ ವಿಳಾಸ ಪೊಲೀಸರಲ್ಲಿ ನೋಂದಣಿ ಆಗಬೇಕು. ಹೋಟೆಲಿನವರು ತಾವೇ ಮಾಡುತ್ತಾರೆ. ಖಾಸಗಿ ಮನೆಯಾದರೆ ಮನೆಯವರಿಗೆ ನೆನಪಿಸಿ, 'ಬಿಳಿ ಕಾರ್ಡ್' ಎಂದರೆ ಅವರಿಗೆ ಗೊತ್ತಾಗುತ್ತದೆ.

ಜಾರ್ಜಿಯಾ ಇವೆಲ್ಲಕ್ಕಿಂತ ಉದಾರ. ಅವರ ಪಟ್ಟಿಯಲ್ಲಿ ಯುರೋಪ್, ಅಮೆರಿಕ ಮಾತ್ರವಲ್ಲ, ಕೊಲ್ಲಿ ದೇಶಗಳ ರೆಸಿಡೆನ್ಸ್ ಪರ್ಮಿಟ್ ಕೂಡ ಇದೆ. 180 ದಿನಗಳಲ್ಲಿ 90 ದಿನ. ನಿಮ್ಮ ಕಾರ್ಡ್ ಒಳಹೋಗುವ ದಿನ ಚಾಲ್ತಿಯಲ್ಲಿದ್ದರೆ ಸಾಕು. 2026ರ ಜನವರಿ 1ರಿಂದ ಪ್ರವಾಸಿಗರಿಗೆ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯ, ಕನಿಷ್ಠ 30,000 ಲಾರಿ (ಜಾರ್ಜಿಯಾದ ಹಣ) ಮೊತ್ತದ್ದು. ಪಾಲಿಸಿಯ ಇಂಗ್ಲಿಷ್ ಪ್ರತಿಯ ಪ್ರಿಂಟ್ ಜೊತೆಗಿರಲಿ.

---

ಮೊಹರು_ಮಸಿ ಉತ್ತರ:

90 ದಿನದ ಲೆಕ್ಕದ ಬಗ್ಗೆ ಗಡಿರೇಖೆ ಅವರು ಮುಟ್ಟಿಲ್ಲ, ನಾನು ಬರೀತೀನಿ.

ಬಾಲ್ಕನ್‌ನಲ್ಲಿ ಕಳೆದ ದಿನಗಳು ಶೆಂಗೆನ್ ಲೆಕ್ಕಕ್ಕೆ ಬರಲ್ಲ. ಜರ್ಮನಿಯಲ್ಲಿ ಕಳೆದ ದಿನಗಳೂ ಬರಲ್ಲ, ಅದು ನಿಮ್ಮ ವಾಸದ ದೇಶ. ಲೆಕ್ಕಕ್ಕೆ ಬರೋದು ಉಳಿದ 28 ಶೆಂಗೆನ್ ದೇಶಗಳಲ್ಲಿ ಕಳೆದ ದಿನಗಳು, ಎಲ್ಲಾ ಸೇರಿಸಿ ಒಂದೇ ಖಾತೆ. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿ ಸೇರಿವೆ, ಮೊದಲಿನ ಹಾಗೆ ಅವನ್ನ ಹೊರಗಿಡೋ ಹಾಗಿಲ್ಲ. ಐರ್ಲೆಂಡ್, ಸೈಪ್ರಸ್ ಶೆಂಗೆನ್ ಅಲ್ಲ. ಇವೆರಡರಲ್ಲಿ ಸೈಪ್ರಸ್ ನಿಮ್ಮ ಕಾರ್ಡ್ ಒಪ್ಪುತ್ತೆ, ಐರ್ಲೆಂಡ್ ಒಪ್ಪಲ್ಲ.

ಹೋದ ದಿನ, ಬಂದ ದಿನ ಎರಡೂ ಎಣಿಕೆಗೆ ಸೇರುತ್ತೆ. ಉದಾಹರಣೆಗೆ ಮಾರ್ಚ್ 1ರಿಂದ ಮೇ 29ರವರೆಗೆ ಇಟಲಿಯಲ್ಲೇ ಇದ್ರಿ ಅಂದ್ಕೊಳ್ಳಿ. ಮಾರ್ಚ್‌ನಲ್ಲಿ 31 ದಿನ, ಏಪ್ರಿಲ್‌ನಲ್ಲಿ 30, ಮೇನಲ್ಲಿ 29, ಒಟ್ಟು 90. ಮೇ 30ಕ್ಕೆ ಜರ್ಮನಿ ಬಿಟ್ಟು ಬೇರೆ ಶೆಂಗೆನ್ ದೇಶದಲ್ಲಿದ್ರೆ ಅದು ಓವರ್‌ಸ್ಟೇ. ಮತ್ತೆ ಯಾವಾಗ ಹೋಗಬಹುದು? ಆಗಸ್ಟ್ 28ಕ್ಕೆ. ಅವತ್ತಿನಿಂದ ಹಿಂದಕ್ಕೆ 180 ದಿನ ಎಣಿಸಿದ್ರೆ ಮಾರ್ಚ್ 2ಕ್ಕೆ ನಿಲ್ಲುತ್ತೆ, ಮಾರ್ಚ್ 1 ಎಣಿಕೆಯಿಂದ ಆಚೆ ಬಿದ್ದಿರುತ್ತೆ. ಆಮೇಲೆ ದಿನಕ್ಕೊಂದು ಹಳೇ ದಿನ ಉದುರುತ್ತಾ ಹೋಗುತ್ತೆ. ವರ್ಷಕ್ಕೆ ಎರಡು ಸಲ 90 ಅಂತ ಕ್ಯಾಲೆಂಡರ್ ಇಟ್ಕೊಂಡು ಎಣಿಸೋರೆಲ್ಲ ಎಡವೋದು ಇಲ್ಲೇ.

ವಾಪಸ್ ಬರುವಾಗ ಒಂದು ಎಚ್ಚರಿಕೆ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಯಲ್ಲಿ ಇಇಎಸ್ ಶುರುವಾಗಿದೆ, ಬೆರಳಚ್ಚು, ಮುಖದ ಫೋಟೊ ತಗೊಳ್ಳೋ ವ್ಯವಸ್ಥೆ. ರೆಸಿಡೆನ್ಸ್ ಪರ್ಮಿಟ್ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ಒಂದನ್ನೇ ಕೊಟ್ಟು, ಕಾರ್ಡ್ ಪರ್ಸ್‌ನಲ್ಲೇ ಇಟ್ಕೊಂಡು ನಿಂತ್ಕೋಬೇಡಿ. ಎರಡನ್ನೂ ಒಟ್ಟಿಗೆ ಮುಂದಿಡಿ, ಕಾರ್ಡ್ ಮೇಲೆ. ಅಪ್ಪಿತಪ್ಪಿ ಪ್ರವಾಸಿ ಅಂತ ದಾಖಲಾದ್ರೆ 90 ದಿನ ಆದ್ಮೇಲೆ ಸಿಸ್ಟಮ್ ನಿಮ್ಮನ್ನ ಓವರ್‌ಸ್ಟೇ ಅಂತ ತೋರಿಸೋಕೆ ಶುರು ಮಾಡುತ್ತೆ, ಅದನ್ನ ಸರಿಮಾಡಿಸೋ ಓಡಾಟ ನಿಮ್ಮ ತಲೆಗೇ ಬರುತ್ತೆ.

---

ಕಾಗದಪತ್ರ ಉತ್ತರ:

ಹೆಂಡತಿಯವರ ವಿಷಯ. ಅವರನ್ನು ಈ ಪ್ರವಾಸಕ್ಕೆ ಆ ಕಾಗದದ ಮೇಲೆ ಕರೆದೊಯ್ಯಬೇಡಿ.

ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್ ಅನ್ನು ಬಿಡಿಸಿದರೆ ಒಳಗೆ ಮೂರು ಚೌಕಗಳಿರುತ್ತವೆ, ಒಂದಕ್ಕೆ ಗುರುತು ಹಾಕಿರುತ್ತಾರೆ. ಎರಡು ಚೌಕ ಜರ್ಮನ್ ವಾಸಕಾನೂನಿನ 81ನೇ ಸೆಕ್ಷನ್‌ನ 3ನೇ ಉಪವಿಭಾಗಕ್ಕೆ, ಮೂರನೆಯದು 4ನೇ ಉಪವಿಭಾಗಕ್ಕೆ. ಕಾರ್ಡ್ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ಗುರುತು ಸಾಮಾನ್ಯವಾಗಿ ಮೂರನೆಯದರ ಮೇಲಿರುತ್ತದೆ. ಅದರ ಅರ್ಥ, ಹಳೆಯ ಪರ್ಮಿಟ್ ಇನ್ನೂ ಮುಂದುವರಿದಿದೆ ಎಂದು ಭಾವಿಸಲಾಗುತ್ತದೆ. ಹೆಸರಿನಲ್ಲೇ 'ಫಿಕ್ಷನ್' ಇದೆ ನೋಡಿ. ಈ ಮೂರನೇ ಚೌಕದ ಕಾಗದ, ಅವಧಿ ಮುಗಿದ ಹಳೆಯ ಕಾರ್ಡ್, ಪಾಸ್‌ಪೋರ್ಟ್ ಮೂರೂ ಸೇರಿದರೆ ಜರ್ಮನಿಗೆ ಮರಳಿ ಬರಬಹುದು. 3ನೇ ಉಪವಿಭಾಗದ ಚೌಕಕ್ಕೆ ಗುರುತಿದ್ದರೆ ಹೊರಗೆ ಹೋದವರು ಆ ಕಾಗದದಿಂದ ಒಳಗೆ ಬರಲಾಗದು. ಮೊದಲು ಮನೆಯಲ್ಲಿ ಅದನ್ನು ಬಿಡಿಸಿ ನೋಡಿ.

ಆದರೆ ಅದೆಲ್ಲ ಜರ್ಮನಿಯ ಒಳಮನೆಯ ವಿಚಾರ. ಸರ್ಬಿಯಾದ ಗಡಿಯಲ್ಲಿ ಕೂತವರು ಕೇಳುವುದು 'ಚಾಲ್ತಿ ರೆಸಿಡೆನ್ಸ್ ಪರ್ಮಿಟ್'. ಕಾರ್ಡಿನ ಮೇಲಿನ ದಿನಾಂಕ ಕಳೆದುಹೋಗಿದೆ, ಜೊತೆಗೆ ಜರ್ಮನ್ ಭಾಷೆಯಲ್ಲಿ ಒಂದು ಕಾಗದ. ಅದನ್ನು ಅವರು ಒಪ್ಪಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಐದು ಗಡಿಗಳಲ್ಲಿ ನಾಲ್ಕು ಕಡೆ ಬಿಟ್ಟರು, ಐದನೆಯದರಲ್ಲಿ ತಡೆದರು ಎಂದರೂ ನೀವು ನಡುದಾರಿಯಲ್ಲಿ ಸಿಕ್ಕಿಕೊಂಡ ಹಾಗೇ.

ಇರುವ ದಾರಿಗಳಲ್ಲಿ ಒಳ್ಳೆಯದು, ಹೊಸ ಕಾರ್ಡ್ ಕೈಗೆ ಬರುವವರೆಗೆ ಕಾಯುವುದು. ಕಾರ್ಡುಗಳು ಅಚ್ಚಾಗುವುದು ಬರ್ಲಿನ್‌ನ ಸರ್ಕಾರಿ ಮುದ್ರಣಾಲಯದಲ್ಲಿ. ಕಚೇರಿ ಅರ್ಜಿ ಮಂಜೂರು ಮಾಡಿ ಆರ್ಡರ್ ಕಳಿಸಿದ ಮೇಲೂ ಕೆಲವು ವಾರ ಹಿಡಿಯುತ್ತದೆ. ತೀರಾ ತುರ್ತಾದರೆ, 78ಎ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟಿನ ಪುಟಕ್ಕೇ ಅಂಟಿಸುವ ಸ್ಟಿಕ್ಕರ್ ರೂಪದ ಪರ್ಮಿಟ್ ಕೊಡುವ ಅವಕಾಶ ಕಚೇರಿಗಿದೆ. ಅವಧಿಯನ್ನು ಒಂದು ತಿಂಗಳು ವಿಸ್ತರಿಸುವುದಕ್ಕೆ, ಅಥವಾ ಅಸಾಧಾರಣ ತೊಂದರೆ ತಪ್ಪಿಸುವುದಕ್ಕೆ ಮಾತ್ರ. ಪ್ರವಾಸಕ್ಕೆಂದು ಕೇಳಿದರೆ ಕೊಡುವುದು ಅನುಮಾನ.

ಅಮೆರಿಕದಲ್ಲಿರುವವರಿಗೂ ಇದೇ ಮಾತು ಅನ್ವಯ. ಐ-797 ಅನುಮೋದನಾ ಪತ್ರ, ಇಎಡಿ (ಕೆಲಸದ ಅನುಮತಿ) ಕಾರ್ಡ್, ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ಮರಳುವ ಅನುಮತಿ), ಇವು ಯಾವುವೂ ಬೇರೆ ದೇಶದವರ ಪಾಲಿಗೆ ಗ್ರೀನ್ ಕಾರ್ಡ್ (ಕಾಯಂ ವಾಸದ ಕಾರ್ಡ್) ಆಗುವುದಿಲ್ಲ.

---

ಕೌಂಟರ್_7 ಉತ್ತರ:

ಎಲ್ಲರೂ ಗಡಿ ಗಡಿ ಅಂತಿದ್ದೀರಿ. ಅರ್ಧ ಜನ ನಿಲ್ಲೋದು ಗಡಿಯಲ್ಲಲ್ಲ, ಚೆಕ್-ಇನ್ ಕೌಂಟರಲ್ಲಿ. ಕಾಗದ ಸರಿಯಿಲ್ಲದವರನ್ನ ಕರ್ಕೊಂಡು ಹೋದ್ರೆ ವಿಮಾನದವರಿಗೆ ದಂಡ ಬೀಳುತ್ತೆ, ವಾಪಸ್ ಕರ್ಕೊಂಡು ಬರೋ ಖರ್ಚೂ ಅವರದ್ದೇ. ಹಾಗಾಗಿ ಅನುಮಾನ ಬಂದ್ರೆ ಹತ್ತಿಸಲ್ಲ.

ಅವರು ನೋಡೋದು ವಿಮಾನ ಕಂಪನಿಗಳ ಸಂಘ ಐಎಟಿಎದ ಟಿಮ್ಯಾಟಿಕ್ ಅನ್ನೋ ಡೇಟಾಬೇಸ್. ಅದರಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು, ಹೋಗೋದು ಎಲ್ಲಿಗೆ ಅಂತಷ್ಟೇ ಹೊಡೆದ್ರೆ 'ವೀಸಾ ಬೇಕು' ಅಂತ ಕೆಂಪಗೆ ಬರುತ್ತೆ. ಇಂಡಿಯಾ, ಸರ್ಬಿಯಾ, ಮುಗೀತು. ರೆಸಿಡೆನ್ಸ್ ಪರ್ಮಿಟ್ ಎಲ್ಲಿಯದು ಅನ್ನೋದನ್ನೂ ತುಂಬಿದ್ರೆ ಆಗ ವಿನಾಯಿತಿಯ ಸಾಲು ತೆರೆದ್ಕೊಳ್ಳುತ್ತೆ. ಆದ್ದರಿಂದ 'ವೀಸಾ ಇಲ್ಲ ಆದ್ರೂ ಬಿಡ್ತಾರೆ' ಅಂತ ವಾದ ಶುರು ಮಾಡಬೇಡಿ. ಕಾರ್ಡನ್ನ ಕೌಂಟರ್ ಮೇಲಿಟ್ಟು 'ಜರ್ಮನಿ ರೆಸಿಡೆನ್ಸ್ ಪರ್ಮಿಟ್ ಅಂತ ಹಾಕಿ ನೋಡಿ' ಅನ್ನಿ. ಹೋಗೋ ದೇಶದ ವಿದೇಶಾಂಗ ಇಲಾಖೆ ಪುಟದ ಪ್ರಿಂಟ್ ಕೈಯಲ್ಲಿರಲಿ. ಆನ್‌ಲೈನ್ ಚೆಕ್-ಇನ್ ಬಹಳ ಸಲ 'ಡಾಕ್ಯುಮೆಂಟ್ ಚೆಕ್ ಮಾಡಿಸಿ' ಅಂತ ಬೋರ್ಡಿಂಗ್ ಪಾಸ್ ತಡೆಹಿಡಿಯುತ್ತೆ, ಹಾಗಾಗಿ 3 ಗಂಟೆ ಮೊದಲೇ ಇರಿ. ಲಗೇಜ್ ಇಲ್ಲ ಅಂತ ಕೊನೇ ಗಳಿಗೆಗೆ ಓಡಿ ಬರೋರಿಗೆ ಸೂಪರ್‌ವೈಸರ್‌ನ ಕರೆಸೋಕೂ ಸಮಯ ಇರಲ್ಲ.

ಕಾಗದ ಸರಿಯಿದ್ದೂ ಹತ್ತಿಸದೇ ಹೋದ್ರೆ? ವಿಮಾನ ಪ್ರಯಾಣಿಕರ ಹಕ್ಕಿನ ಇಯು 261 ನಿಯಮದಲ್ಲಿ 'ದಾಖಲೆ ಸಾಲದು' ಅನ್ನೋ ಕಾರಣಕ್ಕೆ ತಡೆದ್ರೆ ಪರಿಹಾರ ಇಲ್ಲ ಅಂತಿದೆ ನಿಜ. ಆದ್ರೆ ಇಯು ನ್ಯಾಯಾಲಯ 2020ರ ಏಪ್ರಿಲ್ 30ರ ತೀರ್ಪಲ್ಲಿ, ಕೇಸ್ ನಂಬರ್ ಸಿ-584/18, ಹೇಳಿದ್ದು ಏನಂದ್ರೆ, ದಾಖಲೆ ಸಾಲದು ಅಂತ ವಿಮಾನದವರು ಅಂದ್ಕೊಂಡ ಮಾತ್ರಕ್ಕೆ ಪ್ರಯಾಣಿಕರ ಪರಿಹಾರದ ಹಕ್ಕು ತಪ್ಪಿಹೋಗಲ್ಲ. ತಡೆದದ್ದು ಸರಿಯಿತ್ತಾ ಇಲ್ವಾ ಅಂತ ನ್ಯಾಯಾಲಯ ನೋಡಬೇಕು. ಆ ಕೇಸು ನಮ್ಮ ವಿಷಯದ್ದೇ: ಸೈಪ್ರಸ್ ರೆಸಿಡೆನ್ಸ್ ಪರ್ಮಿಟ್ ಇದ್ದ ಕಝಾಕಿಸ್ತಾನದ ಪ್ರಜೆ, ಲಾರ್ನಕದಿಂದ ಬುಖಾರೆಸ್ಟ್‌ಗೆ. ತಡೆದ್ರೆ ಕಾರಣ ಬರೆದುಕೊಡಿ ಅಂತ ಕೇಳಿ, ಕೊಡಲ್ಲ ಅಂದ್ರೆ ಹೊತ್ತು, ಕೌಂಟರ್ ನಂಬರ್ ಬರ್ಕೊಳ್ಳಿ. ಪರಿಹಾರ ದೂರದ ಮೇಲೆ 250, 400 ಅಥವಾ 600 ಯೂರೋ.

---

ಅಲೆಮಾರಿ_26:

ಎಲ್ಲರಿಗೂ ಧನ್ಯವಾದ. ಚೌಕ ನೋಡಿದೆ, ಮೂರನೆಯದೇ. ಆದ್ರೂ ಹೊಸ ಕಾರ್ಡ್ ಬರೋವರೆಗೆ ಕಾಯ್ತೀವಿ. ಇದೇ ಥ್ರೆಡ್‌ನಲ್ಲಿ ಇನ್ನೆರಡು ಕೇಳ್ಬಿಡ್ತೀನಿ. ಇದೇ ಕಾರ್ಡಲ್ಲಿ ಹ್ಯೂಸ್ಟನ್ ಮೇಲಿಂದ ಮೆಕ್ಸಿಕೋಗೆ ಹೋಗಬಹುದಾ? ಊರಿಗೆ ಹೋಗುವಾಗ ದುಬೈ ಅಥವಾ ಸಿಂಗಾಪುರದಲ್ಲಿ ಎರಡು ದಿನ ಇಳಿಬಹುದಾ?

---

ಗಡಿರೇಖೆ ಉತ್ತರ:

ಮೆಕ್ಸಿಕೋ ಬೇಡ. ಎರಡು ಕಾರಣ.

ಮೆಕ್ಸಿಕೋದ ನಿಯಮದಲ್ಲಿರುವ ಪದ 'ಕಾಯಂ ವಾಸ'. ಅಮೆರಿಕ, ಕೆನಡಾ, ಜಪಾನ್, ಯುಕೆ, ಶೆಂಗೆನ್ ದೇಶಗಳ ಕಾಯಂ ವಾಸದ ಕಾರ್ಡ್ ಇದ್ದರೆ ವೀಸಾ ಬೇಡ. ಜರ್ಮನಿಯದಾದರೆ ಕಾರ್ಡಿನ ಮೇಲೆ 'ನೀಡರ್‌ಲಾಸುಂಗ್ಸ್‌ಎರ್‌ಲೌಬ್ನಿಸ್' ಎಂದೋ 'ಡೌವರ್‌ಔಫೆಂಟ್‌ಹಾಲ್ಟ್-ಇಯು' ಎಂದೋ ಅಚ್ಚಾಗಿರಬೇಕು. ಬ್ಲೂ ಕಾರ್ಡ್ ಅವಧಿಯುಳ್ಳ ಪರ್ಮಿಟ್, ಅದನ್ನು ನಂಬಿ ಟಿಕೆಟ್ ತೆಗೆಯುವಂತಿಲ್ಲ. ಎರಡನೆಯದು ಹ್ಯೂಸ್ಟನ್. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಇಮಿಗ್ರೇಷನ್ ದಾಟದೆ ಒಂದು ವಿದೇಶಿ ವಿಮಾನದಿಂದ ಇನ್ನೊಂದಕ್ಕೆ ಹೋಗುವ ವ್ಯವಸ್ಥೆಯೇ ಇಲ್ಲ. ಎರಡು ಗಂಟೆ ಕೂರುವುದಕ್ಕೂ ಸಿ-1 (ಟ್ರಾನ್ಸಿಟ್) ಅಥವಾ ಬಿ1/ಬಿ2 (ಭೇಟಿ) ವೀಸಾ ಬೇಕು. ಟೊರೊಂಟೊ ಮೇಲಿಂದ ಹೋಗೋಣವೆಂದರೆ ಕೆನಡಾದ ಟ್ರಾನ್ಸಿಟ್ ವೀಸಾ.

ನನ್ನ ಅಭಿಪ್ರಾಯ ಕೇಳಿದರೆ, ಹೀಗೆ ಸುತ್ತುವ ಆಸೆ ಇರುವವರು ಅಮೆರಿಕದ ಬಿ1/ಬಿ2 ಮಾಡಿಸಿಟ್ಟುಕೊಳ್ಳುವುದು ಲೇಸು. ಮೆಕ್ಸಿಕೋಗೂ ಅದೊಂದೇ ಸಾಕು, ಹ್ಯೂಸ್ಟನ್ನಿನ ತೊಡಕೂ ಅದರಲ್ಲೇ ಬಗೆಹರಿಯುತ್ತದೆ.

ದುಬೈನಲ್ಲಿ ಇಯು ರೆಸಿಡೆನ್ಸ್ ಪರ್ಮಿಟ್ ಇರುವ ಭಾರತೀಯರಿಗೆ 14 ದಿನದ ವೀಸಾ ಇಳಿದ ಮೇಲೆ ಕೊಡುತ್ತಾರೆ, 100 ದಿರ್ಹಮ್. ಅದು ವೀಸಾ ವಿನಾಯಿತಿಯಲ್ಲ, ಆನ್ ಅರೈವಲ್. ಪಾಸ್‌ಪೋರ್ಟ್, ಪರ್ಮಿಟ್ ಎರಡರಲ್ಲೂ 6 ತಿಂಗಳು ಉಳಿದಿರಬೇಕು. ನಿಮ್ಮ ಕಾರ್ಡಿನಲ್ಲಿ ಐದೇ ತಿಂಗಳು, ಅಲ್ಲಿಗೆ ಕತೆ ಮುಗಿಯಿತು. ರಿನ್ಯೂ ಆದ ಮೇಲೆ ನೋಡಿ. ಇನ್ನೊಂದು: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರಿರುವವರ ವಿಷಯದಲ್ಲಿ ಯುಎಇ 2022ರ ನವೆಂಬರ್‌ನಿಂದ ಬಿಗಿಯಾಗಿದೆ. ನಮ್ಮಲ್ಲಿ ಅಂಥ ಪಾಸ್‌ಪೋರ್ಟುಗಳು ಬೇಕಾದಷ್ಟಿವೆ, ಟಿಕೆಟ್‌ಗೆ ಮೊದಲೇ ವಿಮಾನದವರಲ್ಲಿ ವಿಚಾರಿಸಿ.

ಸಿಂಗಾಪುರ ಕೊಡುವುದು 96 ಗಂಟೆ, ಅದೂ ದಾರಿಯಲ್ಲಿ ಹೋಗುವವರಿಗೆ ಮಾತ್ರ. ಫ್ರಾಂಕ್‌ಫರ್ಟ್, ಸಿಂಗಾಪುರ, ಭಾರತ ಎಂದರೆ ನಡೆಯುತ್ತದೆ. ಫ್ರಾಂಕ್‌ಫರ್ಟ್‌ನಿಂದ ಹೋಗಿ ಫ್ರಾಂಕ್‌ಫರ್ಟ್‌ಗೇ ಮರಳಿದರೆ ಅದು ದಾರಿಯಲ್ಲ, ಪ್ರವಾಸ, ವೀಸಾ ಬೇಕು. ಅವರ ಪಟ್ಟಿಯಲ್ಲಿ ಇಡೀ ಶೆಂಗೆನ್ ಇಲ್ಲ, ಯುರೋಪಿನಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್, ಯುಕೆ ಅಷ್ಟೇ. ನೆದರ್ಲೆಂಡ್ಸ್ ಕಾರ್ಡ್ ಇರುವವರಿಗೆ ಇದು ಸಿಗದು. ಕಾರ್ಡಿನಲ್ಲಿ ಕನಿಷ್ಠ ಒಂದು ತಿಂಗಳು ಉಳಿದಿರಬೇಕು, ಇಳಿಯುವ ಮೊದಲಿನ 3 ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು.

---

ಮೊಹರು_ಮಸಿ ಉತ್ತರ:

ಯುಕೆಯಲ್ಲಿರೋರು ಈ ಥ್ರೆಡ್ ಓದ್ತಿದ್ರೆ ಒಂದು ಮಾತು. ನಿಮ್ಮ ಬಿಆರ್‌ಪಿ (ರೆಸಿಡೆನ್ಸ್ ಪರ್ಮಿಟ್) ಕಾರ್ಡುಗಳ ಕಾಲ 2024ರ ಡಿಸೆಂಬರ್ 31ಕ್ಕೆ ಮುಗೀತು, ಈಗ ಎಲ್ಲಾ ಇ-ವೀಸಾ, ಕೈಯಲ್ಲಿ ತೋರಿಸೋಕೆ ಕಾರ್ಡೇ ಇಲ್ಲ. ಟರ್ಕಿಯಂತೂ ಇ-ವೀಸಾ, ಇ-ಪರ್ಮಿಟ್‌ಗಳನ್ನ ಪೂರಕ ದಾಖಲೆ ಅಂತ ಒಪ್ಪಲ್ಲ ಅಂತ ನೇರವಾಗೇ ಬರೆದಿದೆ. ಟರ್ಕಿ ಹೇಗೂ ವೀಸಾ ಫ್ರೀ ಅಲ್ಲ, ಪರ್ಮಿಟ್ ಇದ್ರೆ 30 ದಿನದ ಆನ್‌ಲೈನ್ ವೀಸಾ ಕೊಡೋದು ಅಷ್ಟೇ. ಬೇರೆ ದೇಶಗಳಿಗೆ ಹೋಗೋ ಮುಂಚೆ ಅವರ ರಾಯಭಾರ ಕಚೇರಿಗೆ ಮೇಲ್ ಹಾಕಿ ಲಿಖಿತ ಉತ್ತರ ತರಿಸ್ಕೊಳ್ಳಿ, ಪ್ರಿಂಟ್ ಜೊತೆಗಿಟ್ಕೊಳ್ಳಿ. ಇ-ವೀಸಾನ ಬೇರೆಯವರಿಗೆ ಆನ್‌ಲೈನ್‌ನಲ್ಲಿ ತೋರಿಸೋ ಶೇರ್ ಕೋಡ್ 90 ದಿನ ಮಾತ್ರ ನಡೆಯುತ್ತೆ, ಹೊರಡೋ ವಾರ ಹೊಸದು ತೆಗೀರಿ.

---

ಅಲೆಮಾರಿ_26:

ಸರಿ, ರೂಟ್ ತಿದ್ದಿದ್ದೇನೆ: ಬೆಲ್‌ಗ್ರೇಡ್, ಪೊಡ್ಗೊರಿತ್ಸಾ, ಟಿರಾನಾ, ಪ್ರಿಷ್ಟಿನಾ, ಸ್ಕೋಪ್ಯೆ, ಬೆಲ್‌ಗ್ರೇಡ್. ಹೆಂಡತಿಯ ಕಾರ್ಡ್ ಬರೋವರೆಗೆ ಎರಡು ತಿಂಗಳು ಮುಂದಕ್ಕೆ ಹಾಕ್ತೀವಿ, ಜಾರ್ಜಿಯಾ ಅದರ ಬೆನ್ನಲ್ಲೇ.

---

ಕಾಗದಪತ್ರ ಉತ್ತರ:

ಎರಡು ತಿಂಗಳು ಮುಂದಕ್ಕೆ ಹಾಕಿದರೆ ಹೊರಡುವ ದಿನ ನಿಮ್ಮ ಕಾರ್ಡಿನಲ್ಲಿ ಉಳಿಯುವುದು ಮೂರೇ ತಿಂಗಳು. ಬಾಲ್ಕನ್‌ಗೆ ಸಾಕು. ಆದರೆ ನಿಮ್ಮ ರಿನ್ಯೂವಲ್ ಅರ್ಜಿಯನ್ನು ಈಗಲೇ ಹಾಕಿ. ಇಲ್ಲದಿದ್ದರೆ, ಜಾರ್ಜಿಯಾ ಇನ್ನಷ್ಟು ಮುಂದಕ್ಕೆ ಹೋದರೆ ಆ ಹೊತ್ತಿಗೆ ಕಾರ್ಡ್ ಹೆಂಡತಿಯ ಹತ್ತಿರ, ಫಿಕ್ಷನ್ ಕಾಗದ ನಿಮ್ಮ ಹತ್ತಿರ ಇರುತ್ತದೆ.